ಏಣಿ ಹಿಡಿದವಳು

ಆರು ವಾರ. ಬರೀ ಆರು ವಾರ.

ಬರ್ನಿ ಫ್ಯಾಲನ್ ದಿನಕ್ಕೆ ಹತ್ತು ಸಲವಾದರೂ ಇದನ್ನು ಹಲ್ಲು ಕಚ್ಚಿ ಹೇಳಿಕೊಳ್ಳುತ್ತಿದ್ದಳು. ನೆಲದ ಹಲಗೆ ಕೀಳುವಾಗ ಹೇಳಿಕೊಳ್ಳುತ್ತಿದ್ದಳು. ಸುತ್ತಿಗೆ ಉಳಿ ಹಿಡಿದು ಗೋಡೆ ಕಡಿಯುವಾಗ, ಗಾರೆಯ ಧೂಳು ಗಂಟಲಿಗಿಳಿದು ಕೆಮ್ಮು ಬಂದಾಗ ಹೇಳಿಕೊಳ್ಳುತ್ತಿದ್ದಳು. ಮಾರ್ಕಸ್ ಥ್ವೇಟ್ ಎಂಬ ಮೂವತ್ಮೂರು ವರ್ಷದ ಗಂಡಸು ಆರು ವಾರ ಒಂದು ತರಬೇತಿ ಶೆಡ್ಡಿನಲ್ಲಿ ಕೂತು, ಹಲಗೆಗೆ ಬಡಿದಿಟ್ಟ ಸ್ವಿಚ್ಚು ಪ್ಲಗ್ಗುಗಳಿಗೆ ತಂತಿ ಕಟ್ಟಿ, ಪ್ರಶ್ನೆಪತ್ರಿಕೆಗೆ ಟಿಕ್ ಹಾಕಿ ಬಂದಿದ್ದ. ಅದಕ್ಕೆ ಮುಂಚೆ ಅಡುಗೆಮನೆ ಕಪಾಟು ಮಾರುವ ಅಂಗಡಿಯಲ್ಲಿದ್ದ. ಈಗ ಅವನ ಅಂಗಿಯ ಎದೆಯ ಮೇಲೆ ಎಲೆಕ್ಟ್ರಿಷಿಯನ್ ಎಂದು ದಾರದಲ್ಲಿ ಹೊಲಿದಿತ್ತು.

ಬರ್ನಿಯ ಅಂಗಿಯ ಮೇಲೆ ಏನೂ ಇರಲಿಲ್ಲ. ಅವಳು ಮೇಟ್. ಎಲೆಕ್ಟ್ರಿಷಿಯನ್ನನ ಹಿಂದೆ ಚೀಲ ಹೊರುವವರು, ಏಣಿ ಹಿಡಿಯುವವರು, ಕೆಲಸ ಮುಗಿದ ಮೇಲೆ ಕಸ ಗುಡಿಸುವವರು ಇಂಗ್ಲೆಂಡಿನ ಮಿಡಲ್ಸ್‌ಬರೊದಲ್ಲಿ ಮೇಟ್. ವಯಸ್ಸು ನಲವತ್ನಾಲ್ಕು. ಮೇಟ್ ಆಗಿ ಹನ್ನೊಂದು ವರ್ಷ.

ಅವಳಿಗಿದ್ದದ್ದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಮರ್ಯಾದಸ್ಥ ಹೆಸರು ಹುಡುಕುವುದು ಬೇಡ. ಮಾರ್ಕಸ್‌ನ ಹೊಸ ಚೀಲ ಕಂಡರೆ ಉರಿ. ಕೆಂಪು ಹಿಡಿಯ ಸ್ಕ್ರೂಡ್ರೈವರುಗಳು ಅಳತೆ ಪ್ರಕಾರ ಸಾಲಾಗಿ ನಿಂತಿದ್ದು ಕಂಡರೆ ಉರಿ. ಅವನು ಕೆಟ್ಟವನಾಗಿದ್ದರೆ ಸುಲಭವಿತ್ತು. ಕೆಟ್ಟವನಲ್ಲ. ಬೆಳಿಗ್ಗೆ ಅವಳಿಗೂ ಸೇರಿಸಿ ಬೇಕನ್ ಸ್ಯಾಂಡ್‌ವಿಚ್ ತರುತ್ತಿದ್ದ. "ಬರ್ನಿ, ನೀವು ಸಾಸ್ ಯಾವುದು ತಿಂತೀರಿ, ಕಂದು ಬಣ್ಣದ್ದಾ ಕೆಂಪಾ?" ಎಂದು ಕೇಳುತ್ತಿದ್ದ. ಅವಳು ಅವನ ಸ್ಯಾಂಡ್‌ವಿಚ್ ತಿಂದು ಅವನನ್ನೇ ಶಪಿಸುತ್ತಿದ್ದಳು.

ಈ ಕಿಚ್ಚು ಮಾರ್ಕಸ್ ಹಚ್ಚಿದ್ದಲ್ಲ. ಹದಿನಾರನೇ ವಯಸ್ಸಿನಲ್ಲಿ ಹೊತ್ತಿದ್ದು. ಅವಳ ಅಪ್ಪ ಕಾನ್ ಫ್ಯಾಲನ್ ಉಕ್ಕಿನ ಕಾರ್ಖಾನೆಯಲ್ಲಿ ಐದು ವರ್ಷ ಅಪ್ರೆಂಟಿಸ್ ಆಗಿ ದುಡಿದು ಎಲೆಕ್ಟ್ರಿಷಿಯನ್ ಆದವನು. ಅಪ್ರೆಂಟಿಸ್ ಮುಗಿಸಿದ ಕಾಗದಕ್ಕೆ ಚೌಕಟ್ಟು ಹಾಕಿಸಿ ಒಲೆಗೂಡಿನ ಮೇಲೆ ತೂಗುಹಾಕಿದ್ದ. ಅವಳು ಅದೇ ಊರಿನ ಒಂದು ಕಂಪನಿಗೆ ಅಪ್ರೆಂಟಿಸ್ ಪರೀಕ್ಷೆ ಬರೆದಳು. ಅಣ್ಣ ಕೀರನ್ ಕೂಡ ಬರೆದ. ಇವಳದ್ದು ಮೊದಲ ಸ್ಥಾನ. ಅವನದ್ದು ಹನ್ನೊಂದನೆಯದು. ಕಂಪನಿಯವನು ಅವಳ ಮುಖ ನೋಡದೆ ಅಪ್ಪನಿಗೆ ಹೇಳಿದ, "ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಕಕ್ಕಸು ಇಲ್ಲ ಕಾನ್."

ಒಂದು ಕಕ್ಕಸು ಇಲ್ಲವೆಂದು ಅವಳ ಜೀವನ ಬೇರೆ ದಾರಿ ಹಿಡಿಯಿತು. ಅಪ್ಪ ಒಂದು ಮಾತು ಎದುರಾಡಲಿಲ್ಲ. ಆ ಜಾಗಕ್ಕೆ ಕೀರನ್ ಎರಡು ವರ್ಷ ಹೋಗಿ, ಬೇಜಾರೆಂದು ಬಿಟ್ಟುಬಂದ. ಆ ಎರಡು ವರ್ಷ ಅವನ ಕೆಲಸದ ಬಟ್ಟೆ ಒಗೆದು ಇಸ್ತ್ರಿ ಹಾಕಿದ್ದು ಬರ್ನಿ. ಜೇಬಿನಲ್ಲಿ ಸಿಕ್ಕ ತಾಮ್ರದ ತುಂಡುಗಳನ್ನು ಬಚ್ಚಿಟ್ಟುಕೊಂಡಿದ್ದಳು.

ಆಮೇಲೆ ಕೋಳಿ ಕಾರ್ಖಾನೆ, ಆಸ್ಪತ್ರೆಯ ನೆಲ, ಒಂದು ಮದುವೆ, ಒಂದು ವಿಚ್ಛೇದನ. ಮೂವತ್ಮೂರಕ್ಕೆ ಏಜೆನ್ಸಿ ಮೂಲಕ ಮೇಟ್ ಆದಳು. ಅದೇ ಮೂವತ್ಮೂರಕ್ಕೆ ಮಾರ್ಕಸ್ ಎಲೆಕ್ಟ್ರಿಷಿಯನ್ ಆಗಿದ್ದ. ಈ ಹೊಂದಿಕೆಯನ್ನು ಅವಳು ಒಂದು ದಿನವೂ ಮರೆತಿರಲಿಲ್ಲ.

ಅವರಿಬ್ಬರ ಮೇಲ್ವಿಚಾರಕ ಟ್ರೆವರ್ ಗಾರ್ಬಟ್. ಕಂಪನಿಯ ಪರವಾಗಿ ಕಾಗದಕ್ಕೆಲ್ಲ ಸಹಿ ಹಾಕುವವನು ಅವನೇ. ಅವನೂ ಐದು ವರ್ಷ ಅಪ್ರೆಂಟಿಸ್ ಆಗಿದ್ದವನು. ಅದನ್ನು ಹೇಳದೆ ಅವನಿಗೆ ಚಹಾ ಇಳಿಯುತ್ತಿರಲಿಲ್ಲ.

"ನಾನು ಮೊದಲನೇ ವರ್ಷ ಪೂರ್ತಿ ಪೊರಕೆ ಹಿಡಿದೋನು. ಎರಡನೇ ವರ್ಷ ತಂತಿ ಮುಟ್ಟಿದ್ದು. ಈಗಿನೋರು ನೂಡಲ್ಸ್ ಇದ್ದಂಗೆ. ಬಿಸಿನೀರು ಹಾಕು, ಮುಚ್ಚಳ ಮುಚ್ಚು, ಎಲೆಕ್ಟ್ರಿಷಿಯನ್ ರೆಡಿ."

ಇದನ್ನು ಮಾರ್ಕಸ್ ಇಲ್ಲದಾಗ ಹೇಳುತ್ತಿದ್ದ. ಆದರೂ ನೂಡಲ್ಸನ್ನೇ ಕೆಲಸಕ್ಕಿಟ್ಟುಕೊಳ್ಳುತ್ತಿದ್ದ. ಅವರು ಕಡಿಮೆ ಸಂಬಳಕ್ಕೆ ಬರುತ್ತಿದ್ದರು, ಅವರ ಬಳಿ ತೋರಿಸಲು ಕಾಗದವಿರುತ್ತಿತ್ತು. ಅವರಿಗೆ ಗೊತ್ತಿಲ್ಲದ್ದನ್ನು ಸರಿದೂಗಿಸಲು ಪಕ್ಕದಲ್ಲಿ ಒಬ್ಬ ಹಳೇ ಮೇಟ್. ಮಾರ್ಕಸ್‌ನ ಪಕ್ಕದಲ್ಲಿ ಬರ್ನಿ. ಅವನು ಗೋಡೆಯ ಮೇಲೆ ಗುರುತು ಗೀಚಿದಲ್ಲಿ ಅವಳು ಕೊರೆಯಬೇಕು. ತಪ್ಪು ಗೀಚಿದ್ದರೆ ಅವನಿಗೆ ನೋವಾಗದ ಹಾಗೆ ಸರಿಯಾಗಿ ಕೊರೆಯಬೇಕು.

ಬರ್ನಿಗೆ ಒಂದು ದಾರಿ ಇತ್ತು. ಐದು ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿದವರು ಅನುಭವದ ಮೇಲೆ ಪರೀಕ್ಷೆಗೆ ಕೂತು ಎಲೆಕ್ಟ್ರಿಷಿಯನ್ ಕಾರ್ಡ್ ಪಡೆಯಬಹುದು. ಮಾಡಿದ ಕೆಲಸಗಳ ಫೋಟೊ, ವಿವರ ಒಂದು ಕಡತದಲ್ಲಿಡಬೇಕು. ಪ್ರತಿ ಹಾಳೆಯ ಕೆಳಗೆ ಮೇಲ್ವಿಚಾರಕ 'ಇದನ್ನು ಈಕೆಯೇ ಮಾಡಿದ್ದು' ಎಂದು ಸಹಿ ಹಾಕಬೇಕು. ಅವಳ ನೀಲಿ ಕಡತದಲ್ಲಿ ತೊಂಬತ್ತಾರು ಹಾಳೆಗಳಿದ್ದವು. ಎರಡು ವರ್ಷದಿಂದ ಅದು ಟ್ರೆವರ್‌ನ ಮೇಜಿನ ಮೇಲೆ ಬಿದ್ದಿತ್ತು. ಅದರ ಮೇಲೆ ಅವನು ಚಹಾದ ಲೋಟ ಇಡುತ್ತಿದ್ದ.

"ಯೋಚನೆ ಮಾಡು ಅಮ್ಮಣ್ಣಿ," ಎಂದಿದ್ದ ಒಮ್ಮೆ. "ಇದೆಲ್ಲ ನೀನು ಮಾಡಿದ್ದು ಅಂತ ನಾನು ಬರೆದ್ರೆ, ಎಲೆಕ್ಟ್ರಿಷಿಯನ್ ಮಾಡಿದ್ದು ಅಂತ ಮನೆಯೋರಿಗೆ ಕೊಟ್ಟಿರೋ ಸರ್ಟಿಫಿಕೇಟ್‌ಗಳನ್ನ ಏನು ಮಾಡ್ಲಿ? ಒಲೆಗೆ ಹಾಕ್ಲಾ?"

ಅವಳು ಮಾಡಿದ್ದು ನಿಜವಾದರೆ ಅವನು ಸುಳ್ಳ. ಆದ್ದರಿಂದ ಅವಳು ಮಾಡಿಲ್ಲ. ಲೋಕ ಹೀಗೆ ನಡೆಯುತ್ತದೆ.

ಮಂಗಳವಾರ ಒಂದು ಮನೆಯಲ್ಲಿ ಮಾರ್ಕಸ್ ನೀರು ಕಾಯಿಸುವ ಎಲೆಕ್ಟ್ರಿಕ್ ಶವರಿಗೆ ಎಳೆಯಲು ತೆಳುವಾದ ಕೇಬಲ್ಲಿನ ಸುರುಳಿ ಬಿಚ್ಚುತ್ತಿದ್ದ. ಆ ಶವರ್ ಎಳೆಯುವ ಕರೆಂಟಿಗೆ ಅದು ಕಾದು ಕರಗುತ್ತದೆ. "ಅದಲ್ಲ, ದಪ್ಪದ್ದು ತಗೊಳ್ಳಿ, ಇದು ಬೆಂದುಹೋಗತ್ತೆ," ಎಂದಳು ಬರ್ನಿ. ಮನೆಯಾಕೆ ಬಾಗಿಲಲ್ಲೇ ನಿಂತಿದ್ದಳು. "ಹಾಗಾದ್ರೆ ಇಲ್ಲಿ ಎಲೆಕ್ಟ್ರಿಷಿಯನ್ ಯಾರು?" ಎಂದು ಕೇಳಿದಳು. ಸಂಜೆಯೊಳಗೆ ಮಾತು ಟ್ರೆವರ್‌ಗೆ ತಲುಪಿತು.

ಅವನು ಅಂಗಳದಲ್ಲಿ, ವ್ಯಾನಿಗೆ ಸಾಮಾನು ತುಂಬುತ್ತಿದ್ದ ಆರು ಗಂಡಸರ ಎದುರಿಗೇ ಕೇಳಿದ. "ನಿನ್ನ ಹತ್ರ ಕಾರ್ಡ್ ಇದೆಯೇನೇ?"

"ಇಲ್ಲ."

"ಮೇಟ್ ಬಾಯಿ ತೆಗೆಯೋದು ಎರಡು ಸಲ. ಹತ್ತು ಗಂಟೆ ಟೀಗೆ, ಒಂದು ಗಂಟೆ ಊಟಕ್ಕೆ. ಹೇಳು, ಎಷ್ಟು ಸಲ?"

ಗಂಡಸರು ನಕ್ಕರು. ಮಾರ್ಕಸ್ ನಗಲಿಲ್ಲ, ಬೂಟಿನ ದಾರ ಕಟ್ಟಿಕೊಂಡ. "ಅವರು ಹೇಳಿದ್ದು ಸರಿ ಇತ್ತು ಟ್ರೆವರ್," ಎಂದು ಗೊಣಗಿದ. ಅದು ಬೇರೆ ಯಾರಿಗೂ ಕೇಳಿಸಲಿಲ್ಲ. ಬರ್ನಿಗೆ ಕೇಳಿಸಿತು, ಇನ್ನಷ್ಟು ಉರಿಯಿತು.

"ಎಷ್ಟು ಸಲ?"

"ಎರಡು," ಎಂದಳು ಬರ್ನಿ. ಆ ಒಂದು ಪದ ಹೊಟ್ಟೆಯಲ್ಲಿ ಎರಡು ದಿನ ಕೂತಿತ್ತು.

ಗುರುವಾರ ಮಿಸೆಸ್ ಪಿಂಕ್ನಿಯ ಮನೆ. ಅರವತ್ತರ ದಶಕದ ಸಾಲುಮನೆ, ಮೇಲೊಂದು ಅಂತಸ್ತು. ಮೇಲಿನ ಕೋಣೆಗಳ ದೀಪದ ತಂತಿ ಬದಲಿಸುವುದು ಕೆಲಸ. ಆಕೆಗೆ ಎಂಬತ್ತು ದಾಟಿತ್ತು, ಮಂಡಿ ನೋವು.

"ಎಲ್ಲಾ ಕತ್ತಲು ಮಾಡ್ಬಿಡ್ಬೇಡಪ್ಪ, ನನಗೆ ಮೆಟ್ಲು ಕಾಣಲ್ಲ," ಎಂದಳು.

"ಇಲ್ಲ ಅಜ್ಜಿ, ಮೇಲಿನ ದೀಪಗಳದ್ದು ಮಾತ್ರ ಆರಿಸ್ತೀನಿ. ಕೆಳಗಿಂದು ಹಾಗೇ ಇರತ್ತೆ," ಎಂದ ಮಾರ್ಕಸ್.

ಆರಿಸಿದ. ಮೇನ್ ಬೋರ್ಡಿನಲ್ಲಿ ಮೇಲಂತಸ್ತಿನ ದೀಪಗಳ ಸ್ವಿಚ್ಚಿಗೆ ಕೆಂಪು ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಬೀಗ ಹಾಕಿದವನ ಬಳಿಯೇ ಕೀಲಿ ಇರಬೇಕು, ಅದು ಈ ಕಸುಬಿನ ನೇಮ. ಮೇಟ್‌ಗೆ ಬೀಗ ಕೊಡುವುದಿಲ್ಲ. ಮಲಗುವ ಕೋಣೆಯಲ್ಲಿ ಬರ್ನಿ ಏಣಿ ನಿಲ್ಲಿಸಿ ಹಿಡಿದಳು. ಅವನು ಹತ್ತಿ ಸೂರಿನ ದೀಪದ ಮುಚ್ಚಳ ತಿರುಗಿಸಿ ತೆಗೆದ. ಪರೀಕ್ಷೆಯ ಉಪಕರಣ ಸರಿಯಿದೆಯೇ ಎಂದು ನೋಡಿದ, ತಂತಿಗಳಿಗೆ ಮುಟ್ಟಿಸಿದ, ಮತ್ತೆ ಉಪಕರಣ ನೋಡಿದ. ಕಲಿಸಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದ. ಕರೆಂಟಿಲ್ಲ ಎಂದು ಉಪಕರಣ ಹೇಳಿತು.

ಬರ್ನಿ ತೆರೆದ ಬಾಗಿಲಿನಿಂದ ಆಚೆ ನೋಡಿದಳು. ಮೆಟ್ಟಿಲ ತುದಿಯ ದೀಪ ಉರಿಯುತ್ತಿತ್ತು.

ಅದು ಮೇಲಂತಸ್ತಿನ ದೀಪ. ಆರಬೇಕಿತ್ತು.

ಮಾರ್ಕಸ್ ಕೂಡ ನೋಡಿದ. "ಅದು ಕೆಳಗಿನ ದೀಪಗಳ ತಂತಿ ಸಾಲಿಂದು ಇರ್ಬೇಕು. ಒಳ್ಳೇದಾಯ್ತು, ಅಜ್ಜಿಗೆ ಬೆಳಕಿರತ್ತೆ."

ಅವನು ಹೇಳಿದ್ದು ಅರ್ಧ ಸರಿ. ಆ ದೀಪಕ್ಕೆ ಕರೆಂಟು ಬರುವುದು ಕೆಳಗಿನ ಸಾಲಿನಿಂದ. ಆದರೆ ಬಂದ ಕರೆಂಟು ವಾಪಸು ಹೋಗಬೇಕು. ಅರವತ್ತರ ದಶಕದಲ್ಲಿ ಈ ಸಾಲುಮನೆ ಕಟ್ಟಿದವರು ನಾಲ್ಕು ಗಜ ತಂತಿ ಉಳಿಸಲು, ವಾಪಸಿನ ದಾರಿಯನ್ನು ಮೇಲಿನ ಸಾಲಿನ ಕಪ್ಪು ತಂತಿಗೆ ಗಂಟುಹಾಕುತ್ತಿದ್ದರು. ಎರವಲು ನ್ಯೂಟ್ರಲ್ ಎನ್ನುತ್ತಾರೆ ಹಳಬರು. ಮೇಲಿನ ಸಾಲಿಗೆ ಬೀಗ ಜಡಿದರೂ ಆ ಕಪ್ಪು ತಂತಿಯಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ. ಗಂಟು ಬಿಗಿಯಾಗಿರುವವರೆಗೆ ಉಪಕರಣಕ್ಕೂ ತಿಳಿಯದು. ಬಿಚ್ಚಿ ಕೈಯಲ್ಲಿ ಹಿಡಿದವನಿಗೆ ತಿಳಿಯುತ್ತದೆ.

ಬರ್ನಿಗೆ ಮೇಟ್ ಆದ ಎರಡನೇ ವರ್ಷ ಹಾಗೇ ತಿಳಿದಿತ್ತು. ಒಂದು ಅಟ್ಟದಲ್ಲಿ. ನಾಲಗೆ ಕಚ್ಚಿ ರಕ್ತ ಬಂದಿತ್ತು. ಅವತ್ತಿನ ಎಲೆಕ್ಟ್ರಿಷಿಯನ್ ಪತ್ರಿಕೆ ಓದುತ್ತ ಕೂತಿದ್ದವನು ನಕ್ಕು, "ಇನ್ನು ಜನ್ಮದಲ್ಲಿ ಮರೆಯಲ್ಲ ಬಿಡು," ಎಂದಿದ್ದ. ಅವನಿಗೆ ಅವನ ಗುರು ಹಾಗೇ ಕಲಿಸಿದ್ದನಂತೆ.

ಅವಳ ಚೀಲದಲ್ಲಿ ಒಂದು ಕ್ಲ್ಯಾಂಪ್ ಮೀಟರ್ ಇತ್ತು. ಸೆಕೆಂಡ್‌ಹ್ಯಾಂಡ್, ಅವಳದೇ ದುಡ್ಡಿನದು. ತಂತಿ ಬಿಚ್ಚದೆ, ಸುತ್ತ ಅದರ ಬಾಯಿ ಕಚ್ಚಿಸಿದರೆ ಒಳಗೆ ಕರೆಂಟು ಹರಿಯುತ್ತಿದೆಯೇ ಗೊತ್ತಾಗುತ್ತದೆ. ಮೇಟ್ ಮೀಟರ್ ಹಿಡಿಯಬಾರದು ಎಂದು ಟ್ರೆವರ್‌ನ ಕಟ್ಟಪ್ಪಣೆ. ಚೀಲ ಅವಳ ಕಾಲ ಬಳಿಯೇ ಇತ್ತು.

ಮಾರ್ಕಸ್ ಕಪ್ಪು ತಂತಿಗಳ ಸ್ಕ್ರೂ ಮೇಲೆ ಕೆಂಪು ಹಿಡಿಯ ಸ್ಕ್ರೂಡ್ರೈವರ್ ಇಟ್ಟ. ಒಂದು ಸುತ್ತು ತಿರುಗಿಸಿದ.

'ನಿಲ್ಲಿಸಿ' ಎನ್ನಬೇಕಿತ್ತು. ಒಂದೇ ಮಾತು. ನಾಲಗೆಯ ತುದಿಯಲ್ಲಿತ್ತು.

ಎರಡನೇ ಸುತ್ತು. ಎಷ್ಟು ಸಲ ಬಾಯಿ ತೆಗೀಬೇಕು, ಹೇಳು. ಎರಡು. ಈಗ ಹತ್ತು ಗಂಟೆಯೂ ಆಗಿಲ್ಲ, ಒಂದು ಗಂಟೆಯೂ ಆಗಿಲ್ಲ.

ಮೂರನೇ ಸುತ್ತು. ಅವಳ ತಲೆಯ ಮೇಲೆ ಅವನ ಹೊಸ ಬೂಟು, ಅವನ ಎದೆಯ ಮೇಲೆ ಆ ಹೊಲಿದ ಅಕ್ಷರ. ಆರು ವಾರ. ನನಗೆ ಹೀಗೇ ಗೊತ್ತಾಗಿದ್ದು, ಇವನಿಗೂ ಹೀಗೇ ಗೊತ್ತಾಗಲಿ. ಅವಳು ಅದನ್ನು ಯೋಚಿಸಿದಳು. ಪೂರ್ತಿ ವಾಕ್ಯವಾಗಿ ಯೋಚಿಸಿದಳು. ಬಾಯಿ ಮುಚ್ಚಿಕೊಂಡು ಏಣಿ ಹಿಡಿದು ನಿಂತಳು.

ಮೆಟ್ಟಿಲ ದೀಪ ಆರಿತು. ಮಾರ್ಕಸ್ ಕೂಗಲಿಲ್ಲ. ಅವನ ಗಂಟಲಿನಿಂದ ಹಸುವಿನ ಕರುವಿಗೆ ಉಸಿರು ಕಟ್ಟಿದಾಗ ಬರುವಂಥ ಒಂದು ಸಣ್ಣ ಸದ್ದು ಬಂತು. ಒಂದು ಕೈ ತಂತಿ ಹಿಡಿದಿತ್ತು, ಇನ್ನೊಂದು ಸೂರಿನಡಿ ಹಾದುಹೋಗಿದ್ದ ನೀರಿನ ತಾಮ್ರದ ಕೊಳವೆ ಹಿಡಿದಿತ್ತು. ಎರಡೂ ಬಿಡುತ್ತಿರಲಿಲ್ಲ. ಏಣಿ ಅವಳ ಕೈಯಲ್ಲಿ ನಡುಗಿತು. ಆಗ ಬರ್ನಿಗೆ ಎಚ್ಚರವಾಯಿತು. ಅವನನ್ನು ಮುಟ್ಟಿದರೆ ಅವಳೂ ಅಂಟಿಕೊಳ್ಳುತ್ತಾಳೆ. ಏಣಿ ಫೈಬರಿನದು, ಅದರಲ್ಲಿ ಕರೆಂಟು ಹರಿಯದು. ಅವಳು ಹಿಂದೆ ಸರಿದು, ಭುಜ ಕೊಟ್ಟು, ಇಡೀ ಮೈಭಾರ ಹಾಕಿ ಏಣಿಯನ್ನು ತಳ್ಳಿದಳು. ಅವನು ಮಂಚದ ಅಂಚಿಗೆ ಬಡಿದು ನೆಲಕ್ಕೆ ಬಿದ್ದ. ಎಲುಬು ಮುರಿದ ಸದ್ದು ಅವಳಿಗೆ ಕೇಳಿಸಿತು.

ಬಿದ್ದವನು ಉಸಿರಾಡುತ್ತಿದ್ದ. ಆಂಬುಲೆನ್ಸ್ ಬರುವವರೆಗೆ ಅವನ ತಲೆ ಅವಳ ತೊಡೆಯ ಮೇಲಿತ್ತು. ಸುಟ್ಟ ಚರ್ಮದ ವಾಸನೆ ಅವಳ ಅಂಗಿಗೂ ಹತ್ತಿತು.

"ಅಯ್ಯೋ ಮಗಳೇ, ನೀನಿಲ್ಲದಿದ್ರೆ ಹುಡುಗ ಹೋಗೇಬಿಡ್ತಿದ್ದ," ಎಂದಳು ಮಿಸೆಸ್ ಪಿಂಕ್ನಿ. ಬರ್ನಿಗೆ ಆಕೆಯ ಮುಖ ನೋಡಲಾಗಲಿಲ್ಲ.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದಳು. ಮಾರ್ಕಸ್‌ನ ಹೆಗಲ ಎಲುಬು ಮುರಿದಿತ್ತು, ಬಲಗೈ ಬೆರಳುಗಳಿಗೆ ಬಿಳಿ ಬಟ್ಟೆ ಸುತ್ತಿತ್ತು. ಎರಡು ಬೆರಳು ಮಡಚಲು ಬರುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರಂತೆ. ಅವಳು ಕಂದು ಸಾಸ್ ಹಾಕಿದ ಸ್ಯಾಂಡ್‌ವಿಚ್ ತಂದಿದ್ದಳು. ಬಿಡಿಸಿ ಅವನ ಎಡಗೈಗೆ ಕೊಟ್ಟಳು.

"ಕೋರ್ಸಲ್ಲಿ ಹೇಳಿದ್ರು ಬರ್ನಿ," ಎಂದ ಅವನು. "ಎರವಲು ನ್ಯೂಟ್ರಲ್ ಅಂತ. ಒಂದು ಚಿತ್ರ ತೋರಿಸಿದ್ರು, ಅಷ್ಟೇ. ಊಟ ಆದ್ಮೇಲಿನ ಕ್ಲಾಸು. ನನಗೆ ನಿದ್ದೆ ಬರ್ತಿತ್ತು." ನಗಲು ನೋಡಿದ, ಎಲುಬು ನೋಯಿತು. "ಕಪಾಟು ಮಾರೋ ಕೆಲ್ಸ ಹೋದಾಗ ಆ ಕೋರ್ಸಿನೋರು ಹೇಳಿದ್ರು, ಆರು ವಾರದಲ್ಲಿ ನೀನು ಪಕ್ಕಾ ಎಲೆಕ್ಟ್ರಿಷಿಯನ್ ಅಂತ. ನಾನೂ ನಂಬಿದೆ. ನಿಮ್ಮನ್ನ ನೋಡಿದ ದಿನಾನೇ ಗೊತ್ತಾಯ್ತು ನಂಗೆ ಏನೂ ಬರಲ್ಲ ಅಂತ. ರಾತ್ರಿ ನನ್ನ ಹೆಂಡ್ತಿಗೆ ಹೇಳ್ತಿದ್ದೆ, ಆ ಬರ್ನಿ ಥರ ಕೈ ನನಗೆ ಯಾವಾಗ ಬರತ್ತೋ ಅಂತ. ಹೊಟ್ಟೆಕಿಚ್ಚು ಪಡ್ತಿದ್ದೆ ನಿಮ್ಮನ್ನ ನೋಡಿ."

ಬರ್ನಿ ಕುರ್ಚಿಯ ಕೈ ಹಿಡಿದುಕೊಂಡಳು.

"ಒಂದು ಕೇಳ್ಲಾ?" ಎಂದ ಮಾರ್ಕಸ್. "ನಿಮಗೆ ಗೊತ್ತಿತ್ತಾ?"

ಅವಳು ಎದ್ದಳು. ಕೋಟು ತೆಗೆದುಕೊಂಡು ಹೊರಟುಬಂದಳು. ಆಸ್ಪತ್ರೆಯ ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಹೋಗಲು ಬಿಟ್ಟು ಕೂತಿದ್ದಳು.

ಹನ್ನೊಂದು ಗಂಟೆಗೆ ಟ್ರೆವರ್ ಕಚೇರಿಗೆ ಕರೆಸಿದ. ಎಂದೂ ಇಲ್ಲದ್ದು, ಕುರ್ಚಿ ಎಳೆದು ಕೊಟ್ಟ. ಚಹಾ ತಾನೇ ಮಾಡಿದ. ಮೇಜಿನ ಮೇಲೆ ಅವಳ ನೀಲಿ ಕಡತ ಧೂಳು ಒರೆಸಿಕೊಂಡು ಕೂತಿತ್ತು. ಪಕ್ಕದಲ್ಲಿ ಅಪಘಾತದ ಹೇಳಿಕೆಯ ಎರಡು ನಮೂನೆ. ಒಂದು ಟೈಪ್ ಮಾಡಿದ್ದು, ಒಂದು ಖಾಲಿ.

"ಟೈಪ್ ಮಾಡಿರೋದು ಓದಿ ಸಹಿ ಹಾಕು ಬರ್ನಿ. ನಿನ್ನದೇ ಹೇಳಿಕೆ."

ಅವಳು ಓದಿದಳು. ಇಡೀ ಮನೆಯ ಕರೆಂಟು ಆರಿಸುವಂತೆ ನನಗೆ ಹೇಳಲಾಗಿತ್ತು. ನಾನು ಮರೆತು ಮೇಲಿನ ಸಾಲನ್ನು ಮಾತ್ರ ಆರಿಸಿದೆ.

"ನನಗೆ ಯಾರೂ ಹಾಗೆ ಹೇಳಿಲ್ಲ. ಬೀಗ ಅವನದ್ದು, ಕೀಲಿ ಅವನ ಜೇಬಲ್ಲಿತ್ತು."

"ನನಗೂ ಗೊತ್ತು. ಕೇಳಿಲ್ಲಿ," ಎಂದು ಟ್ರೆವರ್ ಮುಂದೆ ಬಾಗಿದ. "ಎಲೆಕ್ಟ್ರಿಷಿಯನ್ ತಪ್ಪು ಅಂದ್ರೆ ಅವನೊಬ್ಬನನ್ನೇ ಬಿಟ್ಟಿದ್ದಕ್ಕೆ ನನ್ನ ತಲೆ ಹೋಗತ್ತೆ, ಕಂಪ್ನಿ ಮುಚ್ಚತ್ತೆ. ಮೇಟ್ ತಪ್ಪು ಅಂದ್ರೆ ಯಾರದ್ದೇನೂ ಹೋಗಲ್ಲ. ಕಾರ್ಡ್ ಇಲ್ಲದವಳ ಕಾರ್ಡ್ ಯಾರು ಕಿತ್ಕೋತಾರೆ? ಎರಡು ವಾರ ಮನೇಲಿರು, ಸಂಬಳ ಕೊಡ್ತೀನಿ. ಮತ್ತೆ ಇದು." ಕಡತದ ಮೇಲೆ ಕೈಯಿಟ್ಟ. "ತೊಂಬತ್ತಾರು ಹಾಳೆ. ಇವತ್ತೇ ಕೂತು ಎಲ್ಲದಕ್ಕೂ ಹಾಕಿಕೊಡ್ತೀನಿ. ಬೇಸಿಗೆಯೊಳಗೆ ನೀನು ಎಲೆಕ್ಟ್ರಿಷಿಯನ್. ನಿನಗೆ ಬೇಕಾಗಿದ್ದು ಅದೇ ತಾನೆ?"

ಅದೇ. ಹದಿನಾರನೇ ವಯಸ್ಸಿನಿಂದ ಅದೊಂದೇ. ಅವನು ಕಡತ ತೆರೆದು ಮೊದಲ ಹಾಳೆಗೆ ಸಹಿ ಹಾಕಿ ತೋರಿಸಿದ. ಶಾಯಿ ಹಸಿಯಾಗಿತ್ತು. ಅವಳು ಅದನ್ನು ನೋಡಿದಳು. ಅವಳಿಗೆ ಅದು ಎಷ್ಟು ಬೇಕಿತ್ತು ಎಂದು ಹೇಳಲು ಮಾತು ಸಾಲದು. ಅವಳು ಪೆನ್ನು ತೆಗೆದುಕೊಂಡಳು.

ಖಾಲಿ ನಮೂನೆ ಎಳೆದುಕೊಂಡಳು.

ಹೆಸರು: ಬರ್ನಡೆಟ್ ಫ್ಯಾಲನ್. ಉದ್ಯೋಗ: ಮೇಟ್. ದೊಡ್ಡದಾಗಿ, ಒತ್ತಿ ಬರೆದಳು. ಬೀಗ ಹಾಕಿದ್ದು ಯಾರು, ಹೇಗೆ, ಬರೆದಳು. ಮೇಲ್ವಿಚಾರಕ ಆ ಮನೆಗೆ ಕಾಲಿಟ್ಟಿರಲಿಲ್ಲ ಎಂದು ಬರೆದಳು. ಮಂಗಳವಾರ ಅಂಗಳದಲ್ಲಿ ನಡೆದದ್ದನ್ನು, ಆರು ಗಂಡಸರ ಹೆಸರು ಸಹಿತ ಬರೆದಳು. ಆಮೇಲೆ ಬರೆದಳು: ಮೆಟ್ಟಿಲ ದೀಪ ಉರಿಯುತ್ತಿರುವುದನ್ನು ನಾನು ನೋಡಿದೆ. ಅದು ಎರವಲು ನ್ಯೂಟ್ರಲ್ ಎಂದು ನನಗೆ ಗೊತ್ತಿತ್ತು. ಸ್ಕ್ರೂ ಮೂರು ಸುತ್ತು ತಿರುಗುವವರೆಗೆ ಸಮಯವಿತ್ತು. ನಾನು ಹೇಳಲಿಲ್ಲ. ಬಾಯಿ ತೆಗೆಯಬಾರದು ಎಂಬ ಅಪ್ಪಣೆ ಇತ್ತು, ಆದರೆ ಅಷ್ಟೇ ಕಾರಣವಲ್ಲ. ಅವನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು.

ಟ್ರೆವರ್ ಎದುರಿನಿಂದ ತಲೆಕೆಳಗಾಗಿ ಕಾಣುವ ಅಕ್ಷರಗಳನ್ನೇ ಓದುತ್ತಿದ್ದ. ಮುಖದ ಬಣ್ಣ ಇಳಿಯಿತು.

"ನಿಂಗೇನು ಹುಚ್ಚಾ? ಗೊತ್ತಿದ್ದೂ ಸುಮ್ನಿದ್ದೆ ಅಂತ ಯಾರಾದ್ರೂ ತಾವೇ ಬರ್ಕೋತಾರಾ? ನನ್ನ ಜೊತೆ ನೀನೂ ಮುಳುಗ್ತೀಯ ಕಣೇ. ಇದರಿಂದ ನಿನಗೇನು ಸಿಗತ್ತೆ?"

"ನನಗೆ ಗೊತ್ತಿತ್ತು ಅನ್ನೋದು ಸಿಗತ್ತೆ," ಎಂದಳು ಬರ್ನಿ. "ಹನ್ನೊಂದು ವರ್ಷದಲ್ಲಿ ಅದನ್ನ ಮೊದಲ ಸಲ ಕಾಗದದ ಮೇಲೆ ನೋಡ್ತಿದ್ದೀನಿ. ಇದರ ಒಂದು ಪ್ರತಿ ಮಾರ್ಕಸ್‌ಗೆ ಕೊಡ್ತೀನಿ. ಬೆಳಿಗ್ಗೆ ಅವನು ಒಂದು ಪ್ರಶ್ನೆ ಕೇಳಿದ್ದ."

ಅವಳು ನೀಲಿ ಕಡತ ತೆರೆದು, ಸಹಿ ಬಿದ್ದಿದ್ದ ಮೊದಲ ಹಾಳೆಯನ್ನು ಕಿತ್ತು ಅವನ ಕಡೆಗಿಟ್ಟಳು. ಉಳಿದ ತೊಂಬತ್ತೈದನ್ನು ಕಂಕುಳಲ್ಲಿ ಇಟ್ಟುಕೊಂಡಳು. ಆಮೇಲೆ ತಾನು ಬರೆದ ಹೇಳಿಕೆಯನ್ನು ತಿರುಗಿಸಿ ಅವನ ಮುಂದಿಟ್ಟು, ಕೆಳಗಿನ ಗೆರೆಯ ಮೇಲೆ ಬೆರಳಿಟ್ಟಳು. ಸ್ವೀಕರಿಸಿದ ಮೇಲ್ವಿಚಾರಕರ ಸಹಿ, ಎಂದಿತ್ತು ಅಲ್ಲಿ.

"ಇದನ್ನ ನಾನೇ ಮಾಡಿದ್ದು ಟ್ರೆವರ್. ಇದಕ್ಕೆ ಹಾಕು."

ಅವನು ಪೆನ್ನು ಮುಟ್ಟಲಿಲ್ಲ. ಹೊರಗೆ ಅಂಗಳದಲ್ಲಿ ಯಾರೋ, "ಮೇಟ್ ಎಲ್ಲಿ? ಏಣಿ ಇಳಿಸಬೇಕು," ಎಂದು ಕೂಗುತ್ತಿದ್ದರು. ಬರ್ನಿ ಕುರ್ಚಿಯಿಂದ ಏಳಲಿಲ್ಲ.